ನುಗ್ಜಾರ್ ತಿರುಗಿ ನಿಂತ ಜಾಗ

ಆಗಸ್ಟ್ ಮುಗಿಯುತ್ತಾ ಬಂದಿದ್ದ ಒಂದು ಮಧ್ಯಾಹ್ನ ರಾಜಧಾನಿ ಟಿಬಿಲಿಸಿಯಿಂದ ಬಂದ ವ್ಯಾನಿನಿಂದ ಇಳಿದ ಅಪ್ಪ ಮಗಳು ಬೆಟ್ಟದ ಗೈಡ್ ಮಾಮುಕನ ಮನೆಯ ಗೇಟು ತಟ್ಟಿದರು. ಅಪ್ಪನ ಹೆಸರು ನುಗ್ಜಾರ್. ಮೀಸೆ ಚಿಗುರಿದಾಗಿನಿಂದ ಮೆಟ್ರೊ ರೈಲು ಓಡಿಸಿಕೊಂಡೇ ಬಂದವನು, ಉದ್ದನೆಯ ಆಳು, ಸ್ವಲ್ಪ ಬಾಗಿದ ಬೆನ್ನು. ಮಗಳು ತೇಕ್ಲೆ ಯಾವುದೋ ಸಲೂನಿನಲ್ಲಿ ಹೆಂಗಸರ ತಲೆಗೂದಲು ಕತ್ತರಿಸುವ ಕೆಲಸದಲ್ಲಿದ್ದಳು. ತಾಯಿ ದುಡಿಮೆಗೆಂದು ಗ್ರೀಸಿಗೆ ಹೋಗಿ, ಅಲ್ಲಿ ಮುದುಕರ ಆರೈಕೆ ಮಾಡುತ್ತಾ ಅಲ್ಲೇ ಉಳಿದುಬಿಟ್ಟಿದ್ದಳಂತೆ. ಹಾಗಾಗಿ ಹುಡುಗಿಗೆ ಜಡೆ ಹೆಣೆದದ್ದು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದ್ದು ಎಲ್ಲ ನುಗ್ಜಾರನೇ. ಇದನ್ನೆಲ್ಲ ಅವನು ಗೇಟಿನಿಂದ ಜಗಲಿಗೆ ಬರುವಷ್ಟರಲ್ಲೇ ಹೇಳಿ ಮುಗಿಸಿದ್ದ.

"ನಮ್ಮ ಮನೆ ಬಾಲ್ಕನಿಯಿಂದ ಚಳಿಗಾಲದಲ್ಲಿ ನಿಮ್ಮ ಬೆಟ್ಟ ಕಾಣುತ್ತೆ," ಅಂದ. "ಇವಳು ಇಷ್ಟುದ್ದ ಇದ್ದಾಗ, ಒಂದಿನ ಕರ್ಕೊಂಡು ಹೋಗ್ತೀನಿ ಅಂತ ಬಾಯ್ತಪ್ಪಿ ಹೇಳಿಬಿಟ್ಟೆ. ಅವತ್ತಿಂದ ಪ್ರಾಣ ತಿಂತಿದಾಳೆ."

"ಸುಳ್ಳು! ನಾನು ಮರೆತೇ ಬಿಟ್ಟಿದ್ದೆ," ತೇಕ್ಲೆ ನಕ್ಕಳು. "ಈ ವರ್ಷ ಅಪ್ಪಂಗೇ ಇದ್ದಕ್ಕಿದ್ದಂತೆ ಹುಚ್ಚು ಹಿಡೀತು. ರಜ ಹಾಕು, ರಜ ಹಾಕು ಅಂತ."

ಮಾಮುಕ ಗೈಡ್ ಕೆಲಸ ಕಲಿತದ್ದು ತನ್ನ ಅಪ್ಪನಿಂದ. ನಕ್ಷೆಗಳಲ್ಲಿ ಕಾಜ್ಬೆಕ್ ಎಂದು ಬರೆಯುವ ಆ ಬೆಟ್ಟವನ್ನು ಕಣಿವೆಯ ಜನರೆಲ್ಲ ಮ್ಕಿನ್ವಾರಿ ಎಂದೇ ಕರೆಯುತ್ತಾರೆ, ಹಿಮದವನು ಎಂದು. ಅದನ್ನು ಹತ್ತಲು ಬಂದವರು ಯಾರೇ ಆಗಲಿ, ಮಾಮುಕ ಮೊದಲು ಅವರ ಬ್ಯಾಗನ್ನು ಮೇಜಿನ ಮೇಲೆ ಸುರಿಸುತ್ತಿದ್ದ.

"ನಾಚ್ಕೊಬೇಡಿ, ಪೂರ್ತಿ ಸುರೀರಿ. ಹೋದ ತಿಂಗಳು ಒಬ್ಬ ಪುಣ್ಯಾತ್ಮ ಇಸ್ತ್ರಿ ಪೆಟ್ಟಿಗೆ ತಂದಿದ್ದ. ಈ ಜೀನ್ಸ್ ಯಾರ್ದಮ್ಮಾ? ನಿಂದಾ? ಒದ್ದೆಯಾದ್ರೆ ಬೆಳಿಗ್ಗೆ ಹೊತ್ತಿಗೆ ತಗಡಿನ ಥರ ನೆಟ್ಟಗೆ ನಿಂತಿರುತ್ತೆ. ಇದು ಇಲ್ಲೇ ಇರ್ಲಿ. ಬೂಟು ಹಾಕ್ಕೊಳಿ ನೋಡೋಣ."

ನುಗ್ಜಾರ್ ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿಕೊಂಡು ಬೂಟಿನೊಳಗೆ ಪಾದ ತುರುಕಿದ್ದ.

"ಹೀಗೆ ತುರುಕಿದ್ರೆ ಬೆಚ್ಚಗಿರುತ್ತೆ ಅಂತ ಅನ್ಕೊಂಡ್ರಾ ಯಜಮಾನ್ರೇ? ರಕ್ತ ಓಡಲ್ಲ. ಬೆರಳು ಮರಗಟ್ಟೋದೇ ಹೀಗೆ. ಒಂದೇ ಜೊತೆ ಹಾಕಿ, ಬೆರಳು ಒಳಗೆ ಆಡ್ತಿರ್ಬೇಕು. ಇನ್ನೊಂದು ಜೊತೆ ಹೊಟ್ಟೆ ಹತ್ರ ಅಂಗಿ ಒಳಗೆ ಇಟ್ಕೊಳಿ, ಒಣಗಿರುತ್ತೆ. ನೀರಿನ ಬಾಟ್ಲು ತಲೆಕೆಳಗಾಗಿ ಇಡಿ. ಹೆಪ್ಪುಗಟ್ಟೋಕೆ ಶುರುವಾಗೋದು ಮೇಲಿಂದ, ಆಗ ಮುಚ್ಚಳದ ಕಡೆ ನೀರು ನೀರಾಗೇ ಇರುತ್ತೆ."

"ನಾನು ನೆಲದೊಳಗಿನ ಇಲಿ ಸ್ವಾಮಿ," ನುಗ್ಜಾರ್ ಕೈಮುಗಿದ. "ಹೇಳಿದಂಗೆ ಕೇಳ್ತೀನಿ."

ಹಗ್ಗ ಕಟ್ಟುವ ಸೊಂಟಪಟ್ಟಿಯನ್ನು ಅಳತೆ ನೋಡುವಾಗ ಮಾಮುಕ ಅದನ್ನು ಕೊನೆಯ ತನಕ ಎಳೆದು ಬಿಗಿಯಬೇಕಾಯಿತು. ಅಷ್ಟು ದೊಡ್ಡ ಆಳಿಗೆ ಅಷ್ಟು ಸಣ್ಣ ಸೊಂಟ. ಪ್ಯಾಂಟಿನ ಬೆಲ್ಟಿಗೂ ಹೊಸದಾಗಿ ತೂತು ಹೊಡೆದಿತ್ತು.

"ಬೆಟ್ಟಕ್ಕೆ ಅಂತ ಬೊಜ್ಜು ಇಳಿಸಿದಾನೆ," ತೇಕ್ಲೆ ಹೆಮ್ಮೆಯಿಂದ ಅಂದಳು.

ಮಾಮುಕನ ಹೆಂಡತಿ ಇರ್ಮಾ ಚೀಸೂ ಆಲೂಗಡ್ಡೆಯೂ ತುಂಬಿದ ರೊಟ್ಟಿ ತಂದಿಟ್ಟಳು. ತಿನ್ನುವಾಗ ಮಾಮುಕ ಕೊನೆಯ ಮಾತು ಹೇಳಿದ. "ಮೇಲೆ ಇರೋದು ಒಂದೇ ಕಾನೂನು. ನನ್ನ ಹತ್ರ ಏನೂ ಮುಚ್ಚಿಡ್ಬಾರ್ದು. ತಲೆನೋವು, ವಾಂತಿ, ಹೆದರಿಕೆ, ಏನಾದ್ರೂ ಆಗ್ಲಿ, ಬಾಯಿಬಿಟ್ಟು ಹೇಳ್ಬೇಕು. ಧೈರ್ಯವಂತರನ್ನ ಕಂಡ್ರೆ ನಂಗೆ ಭಯ. ಗೊಣಗೋರೇ ವಾಸಿ, ಅವರು ಮನೆಗೆ ವಾಪಸ್ ಬರ್ತಾರೆ."

ಇಬ್ಬರೂ ಆಯಿತೆಂದು ತಲೆಯಾಡಿಸಿದರು.

ಮರುದಿನ ಕುದುರೆಯ ಮೇಲೆ ಸಾಮಾನು ಹೇರಿಕೊಂಡು ಹೊರಟರು. ಮಾಮುಕ ಮುಂದೆ, ಎಮ್ಮೆ ನಡೆದ ಹಾಗೆ ನಿಧಾನ. ಹಿಂದಿನಿಂದ ಬಂದ ಹುಡುಗರ ಗುಂಪೊಂದು ಅವರನ್ನು ದಾಟಿಕೊಂಡು ಓಡಿತು. "ಓಡ್ಲಿ ಬಿಡಿ," ಅಂದ ಮಾಮುಕ. "ಸಂಜೆ ತಲೆ ಹಿಡ್ಕೊಂಡು ಕೂತಿರ್ತಾರೆ. ನಡೀತಾ ಹಾಡೋಕೆ ಆಗ್ಬೇಕು. ಹಾಡು ನಿಂತ್ರೆ ನಡಿಗೆ ಜೋರಾಯ್ತು ಅಂತ ತಿಳ್ಕೊಳಿ."

ನುಗ್ಜಾರನಿಗೆ ಹಾಡು ಬರುತ್ತಿರಲಿಲ್ಲ. ಅದರ ಬದಲು ರೈಲಿನಲ್ಲಿ ಕೂಗುವ ಹಾಗೆ ಗಟ್ಟಿಯಾಗಿ ಕೂಗುತ್ತಿದ್ದ. "ಬಾಗಿಲುಗಳು ಮುಚ್ಚುತ್ತಿವೆ, ಹುಷಾರು! ಮುಂದಿನ ನಿಲ್ದಾಣ, ದೊಡ್ಡ ಬಂಡೆ! ಇಳಿಯುವವರು ಇಳಿಯಿರಿ, ತೇಕ್ಲೆ ಅವರು ಮೂಗು ಒರೆಸಿಕೊಳ್ಳಿ!" ಕುದುರೆಯವನು ಬಿದ್ದು ಬಿದ್ದು ನಕ್ಕ. ತೇಕ್ಲೆ ನಾಚಿಕೆಯಿಂದ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡಳು. ಆದರೆ ಕಡಿದಾದ ಜಾಗ ಬಂದಾಗಲೆಲ್ಲ ಅಪ್ಪನ ಕೈ ಹಿಡಿಯುತ್ತಿದ್ದಳು. ಹೀಗೆ ಕೈ ಹಿಡಿದು ನಡೆಯುವ ಅಪ್ಪ ಮಕ್ಕಳನ್ನು ಮಾಮುಕ ಹೆಚ್ಚು ಕಂಡಿರಲಿಲ್ಲ.

ಹಿಮನದಿ ದಾಟಿದರೆ ಹಳೆಯ ಹವಾಮಾನ ಕೇಂದ್ರದ ಕಲ್ಲಿನ ಕಟ್ಟಡ. ಈಗ ಅದೇ ಹತ್ತುವವರ ತಂಗುಮನೆ. ಅಲ್ಲಿ ಒಂದು ದಿನ ಸುಮ್ಮನೆ ಇರಬೇಕು, ಮೈ ಆ ಗಾಳಿಗೆ ಹೊಂದಿಕೊಳ್ಳಬೇಕು. ಹಗಲು ಇನ್ನೂ ಸ್ವಲ್ಪ ಮೇಲಕ್ಕೆ ಹತ್ತಿ, ಮಲಗುವುದಕ್ಕೆ ಕೆಳಗಿಳಿದು ಬಂದರು. ಬೇಡವೆಂದರೂ ಮಾಮುಕ ಲೋಟಗಟ್ಟಲೆ ಟೀ ಕುಡಿಸಿದ. "ಬಾಯಾರಿಕೆ ಆಗೋ ತನಕ ಕಾಯ್ಬೇಡಿ. ಇಲ್ಲಿ ಬಾಯಾರಿಕೆ ಲೇಟಾಗಿ ಬರುತ್ತೆ."

ತೇಕ್ಲೆ ಅಂದು ಸೂಪು ಅರ್ಧಕ್ಕೆ ಬಿಟ್ಟಳು. ತಲೆ ನೋಯುತ್ತಿದೆಯಾ ಎಂದು ಕೇಳಿದ್ದಕ್ಕೆ, "ಇಲ್ಲಪ್ಪ, ಸೂಪು ಚೆನ್ನಾಗಿಲ್ಲ ಅಷ್ಟೇ," ಎಂದು ಮೂತಿ ತಿರುಗಿಸಿದಳು. ಸೂಪು ಮಾಡಿದ್ದು ಮಾಮುಕ. ಅವನಿಗೆ ನಗು ಬಂತು, ನಂಬಿಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಕಟ್ಟಡದ ಹಿಂದೆ ಹೋದರೆ, ನುಗ್ಜಾರ್ ಗೋಡೆಗೊರಗಿಕೊಂಡು ಅಂಗೈಯಲ್ಲಿದ್ದ ಮಾತ್ರೆಗಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ. "ಹೊಟ್ಟೆ ಉರಿ," ಅಂದ, ಸಿಕ್ಕಿಬಿದ್ದ ಮಗುವಿನ ಹಾಗೆ. "ಜೀವಮಾನವೆಲ್ಲ ಕ್ಯಾಂಟೀನ್ ಊಟ, ನೋಡಿ."

ಶಿಖರಕ್ಕೆ ಹೊರಟದ್ದು ಕತ್ತಲಿರುವಾಗಲೇ. ಬಿಸಿಲು ಬಂದ ಮೇಲೆ ಕಲ್ಲುಗಳು ಸಡಿಲವಾಗಿ ಉರುಳುವ ದಾರಿ ಅದು, ತಣ್ಣಗಿರುವಾಗಲೇ ದಾಟಿಕೊಳ್ಳಬೇಕು. ದೊಡ್ಡ ಹಿಮದ ಬಯಲಿಗೆ ಬಂದು ಬೂಟಿನಡಿ ಕಬ್ಬಿಣದ ಮುಳ್ಳು ಕಟ್ಟಿಕೊಂಡಾಗ ಆಕಾಶ ಕೆಂಪಾಗುತ್ತಿತ್ತು. ಮಾಮುಕ ಒಂದೇ ಹಗ್ಗಕ್ಕೆ ಮೂವರನ್ನೂ ಕಟ್ಟಿದ. ಮುಂದೆ ತಾನು, ನಡುವೆ ತೇಕ್ಲೆ, ಕೊನೆಯಲ್ಲಿ ನುಗ್ಜಾರ್. "ಕಾಲು ಅಗಲಿಸಿ ನಡೀರಿ, ಇಲ್ಲಾಂದ್ರೆ ಮುಳ್ಳು ಪ್ಯಾಂಟಿಗೆ ಸಿಕ್ಕಿ ಬೀಳ್ತೀರಿ. ಹಿಮಕ್ಕೆ ಊರೋ ಈ ಕೊಡಲಿ ಯಾವಾಗ್ಲೂ ಬೆಟ್ಟದ ಕಡೆ ಕೈಲಿ. ಹಗ್ಗ ಎಳೀಬೇಡಿ, ನೆಲದ ಮೇಲೆ ಹಾವಿನ ಥರ ಬಿಡ್ಲೂಬೇಡಿ."

ಗಾಳಿ ಇರಲಿಲ್ಲ. ಇಡೀ ಬೇಸಿಗೆಯಲ್ಲಿ ಅಂಥ ದಿನ ಸಿಗುವುದೇ ಅಪರೂಪ. ಎರಡು ಶಿಖರಗಳ ನಡುವಿನ ತಗ್ಗಿನ ಕೆಳಗೆ ಬಂದಾಗ ಹಗ್ಗ ಪದೇ ಪದೇ ಬಿಗಿಯಾಗತೊಡಗಿತು. ಮಾಮುಕ ತಿರುಗಿ ನೋಡಿದ. ತೇಕ್ಲೆ ಕೈಗವಸು ಕಳಚಿಕೊಂಡು, ಅದನ್ನೇನು ಮಾಡಬೇಕೆಂದು ಮರೆತವಳ ಹಾಗೆ ಕೈಯಲ್ಲಿ ಹಿಡಿದು ನಿಂತಿದ್ದಳು.

"ತೇಕ್ಲೆ, ಈ ಗೆರೆ ಮೇಲೆ ನಡಿಯಮ್ಮ." ಹಿಮದಲ್ಲಿ ಕೊಡಲಿಯಿಂದ ಒಂದು ಗೆರೆ ಎಳೆದ. "ಒಂದು ಕಾಲ ಮುಂದೆ ಇನ್ನೊಂದು ಕಾಲು. ಹಾಂ."

ಅವಳು ನಾಲ್ಕು ಹೆಜ್ಜೆಯೂ ಇಡಲಾಗದೆ ಪಕ್ಕಕ್ಕೆ ವಾಲಿ ಬಿದ್ದಳು. ಬಿದ್ದಲ್ಲೇ ವಾಂತಿ ಮಾಡಿದಳು.

"ಯಾವಾಗಿಂದ ತಲೆನೋವು?"

"ನಿನ್ನೆಯಿಂದ," ಅಂದಳು. ಮಾತು ತೊದಲುತ್ತಿತ್ತು. "ಅಪ್ಪಂಗೆ ಹೇಳ್ಬೇಡಿ. ಅವನಿಗೆ ಬೇಜಾರಾಗುತ್ತೆ."

ಅಪ್ಪ ಪಕ್ಕದಲ್ಲೇ ಮಂಡಿಯೂರಿ ಅವಳ ಬಾಯಿ ಒರೆಸುತ್ತಿದ್ದ.

ಇಂಥದ್ದರಲ್ಲಿ ಮಾಮುಕನಿಗೆ ಅನುಮಾನವೇ ಇರಲಿಲ್ಲ. ಎತ್ತರದ ತೆಳು ಗಾಳಿಗೆ ಮಿದುಳಿನಲ್ಲಿ ನೀರು ತುಂಬುತ್ತಿದೆ, ಇದಕ್ಕೆ ಮದ್ದು ಎಂದರೆ ಕೆಳಕ್ಕೆ ಇಳಿಯುವುದು, ಈಗಲೇ. "ಸರಿ, ಇವತ್ತಿಗೆ ಮುಗೀತು," ಅಂದ. "ಬೆಟ್ಟ ಎಲ್ಲೂ ಓಡಿಹೋಗಲ್ಲ. ಮುಂದಿನ ವರ್ಷ ಬನ್ನಿ, ನಾನೇ ಕರ್ಕೊಂಡು ಹೋಗ್ತೀನಿ."

ಅದೇ ಹೊತ್ತಿಗೆ ಮೇಲಿನಿಂದ ಗೆಲಾ ಇಳಿದು ಬರುತ್ತಿದ್ದ. ಮಾಮುಕನ ಜೊತೆ ಬೆಳೆದ ಗೈಡ್ ಅವನು. ಅವನ ಹಗ್ಗದಲ್ಲಿದ್ದವನ ಕಾಲ್ಬೆರಳು ಮರಗಟ್ಟಿ, ಅವರೂ ಅರ್ಧದಿಂದಲೇ ಹಿಂದಿರುಗಿದ್ದರು. ಗೆಲಾನನ್ನು ನೋಡಿದ್ದೇ ನುಗ್ಜಾರ್ ಮಾಮುಕನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ನಂಗೆ ಮುಂದಿನ ವರ್ಷ ಇಲ್ಲ," ಅಂದ. "ಮೇದೋಜೀರಕದಲ್ಲಿ ಗಡ್ಡೆ. ಡಾಕ್ಟ್ರು ಹೊಸ ವರ್ಷದ ತನಕ ಅಂತಾರೆ, ಅದೂ ನನ್ನ ಸಮಾಧಾನಕ್ಕೆ. ಅವಳಿಗೆ ಗೊತ್ತಿಲ್ಲ. ಹೇಳೋ ಹಂಗಿಲ್ಲ, ನಿಮ್ಮ ಮಕ್ಕಳಾಣೆ."

ಮಾಮುಕ ಮೇಲಿನ ಶಿಖರವನ್ನೂ ಹಿಮದಲ್ಲಿ ಕೂತಿದ್ದ ತೇಕ್ಲೆಯನ್ನೂ ನೋಡಿದ.

"ಅವಳನ್ನ ಆ ಗೈಡ್ ಜೊತೆ ಕಳಿಸಬಹುದಾ? ಅವರು ಚೆನ್ನಾಗಿ ನೋಡ್ಕೋತಾರಾ?"

"ಗೆಲಾ ನನಗಿಂತ ಚೆನ್ನಾಗಿ ನೋಡ್ಕೋತಾನೆ."

"ಹಂಗಾದ್ರೆ ನನ್ನನ್ನ ಮೇಲಕ್ಕೆ ಕರ್ಕೊಂಡು ಹೋಗಿ ಮಾಮುಕ. ಕಾಣ್ತಿದೆಯಲ್ಲಪ್ಪಾ, ಅಲ್ಲೇ ಇದೆಯಲ್ಲ."

ಹೌದು, ಅಲ್ಲೇ ಇತ್ತು. ಮಾಮುಕ ಗೆಲಾನ ಬಳಿ ಹೋಗಿ ಮಾತಾಡಿದ. ಗೆಲಾ ಪ್ರಶ್ನೆ ಕೇಳದೆ ತೇಕ್ಲೆಯನ್ನು ತನ್ನ ಹಗ್ಗಕ್ಕೆ ಕಟ್ಟಿಕೊಂಡ. ಅವಳು ಮಂಕಾದ ಕಣ್ಣುಗಳಿಂದ ಅಪ್ಪನನ್ನೇ ನೋಡಿದಳು.

"ನೀನು ಬರಲ್ವಾ ಅಪ್ಪಾ?"

"ನೀನು ಹೋಗಿರಮ್ಮ. ಹಿಂದೇನೇ ಬಂದೆ."

ಇಬ್ಬರೂ ಹತ್ತತೊಡಗಿದರು. ನುಗ್ಜಾರ್ ಈಗ ಮೊದಲಿನ ಹಾಗೆ ಕೂಗುತ್ತಿರಲಿಲ್ಲ. ರೈಲೂ ಇಲ್ಲ, ನಿಲ್ದಾಣವೂ ಇಲ್ಲ. ಆದರೆ ಕಾಲು ಮಾತ್ರ ಗಟ್ಟಿಯಾಗಿತ್ತು, ಉಸಿರು ಸರಿಯಾಗಿತ್ತು. ಇವನು ಶಿಖರ ಮುಟ್ಟುತ್ತಾನೆ ಎಂದು ಮಾಮುಕನಿಗೆ ಖಾತ್ರಿಯಾಯಿತು. ಕೊನೆಯ ಇಳಿಜಾರಿನ ಬುಡ ತಲುಪಿದಾಗ ಹಗ್ಗ ನಿಂತಿತು. ನುಗ್ಜಾರ್ ತಿರುಗಿ ಕೆಳಗೆ ನೋಡುತ್ತಿದ್ದ. ಬಿಳಿಯ ಬಯಲಿನಲ್ಲಿ ಮೂರು ಚುಕ್ಕೆಗಳು. ಅವುಗಳಲ್ಲಿ ಒಂದು ಕೂತುಬಿಟ್ಟಿತ್ತು. ಇನ್ನೊಂದು ಅದನ್ನು ಎತ್ತಿ ನಿಲ್ಲಿಸುತ್ತಿತ್ತು. ನಿಂತು ಸ್ವಲ್ಪ ದೂರ ಹೋಗಿ ಮತ್ತೆ ಕೂತಿತು.

"ತಿರುಗಿ ತಿರುಗಿ ನೋಡ್ತಿದಾಳೆ," ಅಂದ ನುಗ್ಜಾರ್.

"ಗೆಲಾ ಇದಾನೆ. ಇಳೀತಾ ಇಳೀತಾ ಸರಿಹೋಗ್ತಾಳೆ. ನೀವು ಇಲ್ಲಿ ತನಕ ಬಂದು..."

"ಇಳಿಯೋಣ."

"ಯಜಮಾನ್ರೇ, ಒಂದ್ಸಲ ಯೋಚ್ನೆ ಮಾಡಿ. ಇನ್ನೊಂದು ಸ್ವಲ್ಪ ಹೊತ್ತಷ್ಟೇ."

"ಅವಳ ಜೊತೆ ಹತ್ಬೇಕು ಅಂತ ತಾನೇ ಬಂದಿದ್ದು," ಅಂದ ನುಗ್ಜಾರ್. ಅವನು ಅಳುತ್ತಿದ್ದ. "ನಾನೊಬ್ಬನೇ ಅಲ್ಲಿ ಹೋಗಿ ಏನು ಮಾಡ್ಲಿ? ನಡೀರಿ, ಬೇಗ ನಡೀರಿ."

ಆ ಇಳಿತವನ್ನು ಮಾಮುಕ ಮರೆಯುವುದು ಸಾಧ್ಯವಿರಲಿಲ್ಲ. ಇಳಿಯುವಾಗಲೇ ಜನ ಬೀಳುವುದು, ನಿಧಾನ, ಹಿಮ್ಮಡಿ ಊರಿ ಎಂದು ಅವನು ಕೂಗುತ್ತಲೇ ಇದ್ದ. ಸಾಯಲಿರುವ ಆ ಮನುಷ್ಯ ಅವನನ್ನೇ ಎಳೆದುಕೊಂಡು ಇಳಿಯುತ್ತಿದ್ದ.

ತಂಗುಮನೆಯ ಹತ್ತಿರ ಅವರನ್ನು ಕೂಡಿಕೊಂಡಾಗ ತೇಕ್ಲೆಗೆ ಮಾತು ಸ್ಪಷ್ಟವಾಗಿತ್ತು. ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ಅಪ್ಪ ಎದುರು ಬಂದು ನಿಂತರೂ ತಲೆ ಎತ್ತಲಿಲ್ಲ.

"ಮುಟ್ಟಿದ್ಯಾ ಮೇಲೆ?"

"ಇಲ್ಲಮ್ಮ."

"ಯಾಕೆ?"

ನುಗ್ಜಾರ್ ಮಾಮುಕನ ಕಡೆ ಒಮ್ಮೆ ನೋಡಿ, ಬೂಟಿನ ಲೇಸು ಬಿಚ್ಚಲು ಬಗ್ಗಿದ. "ಕಾಲು ನೋವು ಬಂತು. ವಯಸ್ಸಾಯ್ತಲ್ಲ."

"ಓಹೋ, ಕಾಲು ನೋವು ಬಂತು ಅಂತ ಬಂದೆ," ಅಂದಳು ತೇಕ್ಲೆ. ಕೆಳಗಿಳಿಯುವ ದಾರಿಯುದ್ದಕ್ಕೂ ಮುಂದೆ ಮುಂದೆ ನಡೆದಳು. ಅಪ್ಪ ಅವಳ ಬ್ಯಾಗನ್ನೂ ತನ್ನ ಬ್ಯಾಗಿನ ಮೇಲೆ ಹೊತ್ತುಕೊಂಡು ಹಿಂದೆ ಬಂದ. ವ್ಯಾನು ಹತ್ತುವಾಗ ಮಾಮುಕ ಅವನ ಕಿವಿಯಲ್ಲಿ, "ಅವಳಿಗೋಸ್ಕರ ವಾಪಸ್ ಬಂದೆ ಅಂತಾದ್ರೂ ಹೇಳಿ," ಅಂದ. ನುಗ್ಜಾರ್ ಬೇಡವೆಂದು ತಲೆಯಾಡಿಸಿದ. "ನನ್ನಿಂದಾಗಿ ಅಪ್ಪನಿಗೆ ಶಿಖರ ಸಿಗಲಿಲ್ಲ ಅಂತ ಆಮೇಲೆ ಬದುಕಿರೋ ತನಕ ಕೊರಗ್ತಾಳೆ. ಕೋಪ ವಾಸಿ. ಕೋಪ ಇಳಿಯುತ್ತೆ."

ಮರುವರ್ಷ ಜುಲೈಯಲ್ಲಿ ತೇಕ್ಲೆ ಒಬ್ಬಳೇ ಬಂದಳು. ಮೈತುಂಬ ಸಾವಿನ ಶೋಕದ ಕಪ್ಪು ಬಟ್ಟೆ, ಕತ್ತಿನಲ್ಲಿ ಕಪ್ಪು ದಾರ. ಗೇಟು ತೆರೆದ ಇರ್ಮಾ ಏನೂ ಕೇಳದೆ ಅವಳನ್ನು ತಬ್ಬಿಕೊಂಡಳು. ಅಪ್ಪ ಕ್ರಿಸ್ಮಸ್ಸಿಗೆ ಮುಂಚೆಯೇ ಹೋಗಿದ್ದ. ಮಣ್ಣು ಹಾಕಲು ತಾಯಿ ಗ್ರೀಸಿನಿಂದ ಬಂದು ಹಿಂದಿರುಗಿದ್ದಳು.

"ಹತ್ಬೇಕು ಅಣ್ಣ," ಅಂದಳು ತೇಕ್ಲೆ. "ಈ ಸಲ ಏನೂ ಮುಚ್ಚಿಡಲ್ಲ."

ಮುಚ್ಚಿಡಲಿಲ್ಲ. ಹಿಮ್ಮಡಿ ಉಜ್ಜಿದರೆ ಹೇಳಿದಳು, ಹಸಿವಿಲ್ಲದಿದ್ದರೆ ಹೇಳಿದಳು. ಮಾಮುಕ ತಂಗುಮನೆಯಲ್ಲಿ ಒಂದು ದಿನ ಹೆಚ್ಚಿಗೆ ಉಳಿಸಿದ. ಹೆಜ್ಜೆಗೊಮ್ಮೆ ಹೇಳಿದ್ದನ್ನೆಲ್ಲ ಅವಳು ಚಾಚೂ ತಪ್ಪದೆ ಪಾಲಿಸಿದಳು. ಹಾಡು ಮಾತ್ರ ಹಾಡಲಿಲ್ಲ. ಮಾಮುಕನೇ ಆಗಾಗ ನಿಂತು ಅವಳ ಉಸಿರು ಕೇಳಿಸಿಕೊಳ್ಳುತ್ತಿದ್ದ.

ಆ ತಗ್ಗಿನ ಕೆಳಗೆ ಬಂದಾಗ ಅವಳು ತಾನಾಗಿಯೇ ನಿಂತಳು.

"ಇಲ್ಲೇ ಅಲ್ವಾ ನಾನು ಬಿದ್ದಿದ್ದು?"

"ಇಲ್ಲೇ."

"ನಾನು ನೋಡ್ತಾನೇ ಇದ್ದೆ ಅಣ್ಣ. ನೀವಿಬ್ರೂ ಮೇಲಕ್ಕೆ ಹೋಗ್ತಾ ಇದ್ರಿ. ನಂಗೆ ನೆಟ್ಟಗೆ ನಿಲ್ಲೋಕೂ ಆಗ್ತಿರ್ಲಿಲ್ಲ, ಅಪ್ಪ ನನ್ನನ್ನ ಯಾರದೋ ಕೈಗೆ ಕೊಟ್ಟು ಹೊರಟುಹೋದ್ನಲ್ಲ ಅನ್ನಿಸ್ತು. ಅಮ್ಮ ಹೋದ ಹಂಗೇ." ಅವಳು ಕೊಡಲಿಯ ಹಿಡಿಯನ್ನು ತಿರುವುತ್ತಿದ್ದಳು. "ಊರಿಗೆ ಹೋದ್ಮೇಲೆ ಗೆಳತಿ ಮನೆಗೆ ಹೋಗಿಬಿಟ್ಟೆ. ಅವನು ದಿನಾ ಫೋನ್ ಮಾಡ್ತಿದ್ದ, ನಾನು ಎತ್ತಲಿಲ್ಲ. ಆಮೇಲೆ ರೈಲು ಡಿಪೋದಲ್ಲಿ ಬಿದ್ದ ಅಂತ ಆಸ್ಪತ್ರೆಯಿಂದ್ಲೇ ಫೋನ್ ಬಂತು. ಕೊನೇಲಿ ಪಕ್ಕದಲ್ಲೇ ಇದ್ದೆ. ಆದ್ರೆ ಅವನು ಮದ್ದಿನ ಮಂಪರಲ್ಲಿರ್ತಿದ್ದ. ಈ ಬೆಟ್ಟದ ಮಾತೇ ಆಡ್ಲಿಲ್ಲ." ಮುಖ ಎತ್ತಿ ಕೇಳಿದಳು, "ಕಾಯಿಲೆ ವಿಷ್ಯ ಅವತ್ತೇ ಗೊತ್ತಿತ್ತಾ ಅವನಿಗೆ?"

ಮಾಮುಕ ತಂಗುಮನೆಯಿಂದ ಇಲ್ಲಿಯವರೆಗೆ ಈ ಪ್ರಶ್ನೆಗೇ ಹೆದರಿಕೊಂಡು ಬಂದಿದ್ದ. ಆಣೆ ಹಾಕಿಸಿಕೊಂಡವನು ಮಣ್ಣಿನಲ್ಲಿದ್ದ. ಹೇಳಿದರೆ ಅವನು ಬೇಡವೆಂದ ಕೊರಗನ್ನೇ ಇವಳ ತಲೆಗೆ ಕಟ್ಟಿದಂತೆ. ಹೇಳದಿದ್ದರೆ ಬಿಟ್ಟುಹೋದ ಅಪ್ಪನ ಮಗಳಾಗಿಯೇ ಉಳಿಯುತ್ತಾಳೆ.

"ಗೊತ್ತಿತ್ತು," ಅಂದ. "ಇಲ್ಲೇ ನಿಂತು ಹೇಳಿದ್ರು. ಮೇಲಕ್ಕೆ ಕರ್ಕೊಂಡು ಹೋಗು ಅಂತ ಅವರೇ ಕೇಳಿದ್ರು, ಸುಳ್ಳು ಹೇಳಲ್ಲ. ತುಂಬಾ ಆಸೆ ಇತ್ತು. ಅಗೋ, ಆ ಇಳಿಜಾರಿನ ಬುಡದ ತನಕ ಹೋದ್ವಿ. ಅಲ್ಲಿ ತಿರುಗಿ ನಿಂತ್ರು. ನೀನು ಕೂತ್ಕೋತಿದ್ದೆ, ಏಳ್ತಿದ್ದೆ, ತಿರುಗಿ ನೋಡ್ತಿದ್ದೆ. ಅದನ್ನ ನೋಡಿ ಇಳಿಯೋಣ ಅಂದ್ರು."

"ಕಾಲು ನೋವು ಅಂದಿದ್ದ."

"ಕಾಲಿಗೇನೂ ಆಗಿರ್ಲಿಲ್ಲ ಮಗಳೇ. ನಾನು ಬೇಡ ಅಂದ್ರೂ ಓಡಿದ್ರು. ಅವಳಿಲ್ದೆ ಅಲ್ಲಿ ಹೋಗಿ ಏನು ಮಾಡ್ಲಿ ಅಂದ್ರು."

ತೇಕ್ಲೆ ಹಿಮದ ಮೇಲೆ ಕುಸಿದು ಕೂತಳು. ಅವಳ ಬಾಯಿಂದ ಹೊರಟ ಸದ್ದು ಅಳುವಿನ ಹಾಗಿರಲಿಲ್ಲ. ಯಾರೋ ಎದೆಗೆ ಗುದ್ದಿದಾಗ ಬರುವ ಸದ್ದಿನ ಹಾಗಿತ್ತು. "ಯಾಕೆ ಹೇಳ್ಲಿಲ್ಲ ಅವನು? ಯಾಕಣ್ಣ ಹೇಳ್ಲಿಲ್ಲ? ಒಂದೇ ಒಂದು ಮಾತು ಹೇಳಿದ್ರೆ ನಾನು ಓಡಿ ಬಂದುಬಿಡ್ತಿದ್ದೆನಲ್ಲ ಮನೆಗೆ."

"ನೀನು ಕೊರಗಬಾರ್ದು ಅಂತ."

"ಅವನ ಕೊನೇ ದಿನಗಳಣ್ಣ ಅವು. ಒಬ್ಬನೇ ಅಡಿಗೆ ಮಾಡ್ಕೊಂಡು ತಿಂದ. ಒಬ್ಬನೇ."

ಮಾಮುಕ ಅವಳ ಪಕ್ಕದಲ್ಲಿ ಕೂತು, ತನ್ನ ಬೆನ್ನನ್ನು ಗಾಳಿಗೆ ಕೊಟ್ಟ. ಕೆನ್ನೆಯ ಮೇಲಿನ ನೀರು ಹೆಪ್ಪುಗಟ್ಟುವ ಮುಂಚೆ ತನ್ನ ಕೈವಸ್ತ್ರ ಕೊಟ್ಟ, ಕೈಗವಸು ಕಳಚದೆಯೇ ಒರೆಸಿಕೋ ಎಂದ. ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕುಡಿಸಿದ. ಬಹಳ ಹೊತ್ತು ಕೂರುವ ಹಾಗಿರಲಿಲ್ಲ.

"ಇಳಿಯೋಣ್ವಾ?" ಅಂದ.

ಅವಳು ಇಲ್ಲವೆಂದು ತಲೆಯಾಡಿಸಿ ಎದ್ದಳು.

ಶಿಖರದ ಮೇಲೆ ಮೋಡ ಕವಿದಿತ್ತು. ಟಿಬಿಲಿಸಿಯ ದಿಕ್ಕು ಹಾಗಿರಲಿ, ಹತ್ತಿಬಂದ ತಗ್ಗು ಕೂಡ ಕಾಣುತ್ತಿರಲಿಲ್ಲ. ನಾಲ್ಕು ಜನ ನಿಲ್ಲುವಷ್ಟು ಹಿಮ, ಅದರ ಆಚೆ ಸುತ್ತಲೂ ಬಿಳುಪು. ತೇಕ್ಲೆ ಎಲ್ಲ ಕಡೆ ತಿರುಗಿ ನೋಡಿದಳು.

"ಇಲ್ಲಿ ಏನೂ ಇಲ್ವಲ್ಲಣ್ಣ."

"ಏನೂ ಇಲ್ಲ ಮಗಳೇ."

"ಇದಕ್ಕೋಸ್ಕರನಾ?" ಎಂದಳು, ಮತ್ತೆ ಅಳತೊಡಗಿದಳು. ಅವಳ ಅಪ್ಪ ಇಲ್ಲಿ ನಿಂತಿದ್ದರೆ ಏನು ಮಾಡುತ್ತಿದ್ದ ಎಂಬುದು ಮಾಮುಕನಿಗೆ ಥಟ್ಟನೆ ಕಂಡಂತಾಯಿತು. ಏನಾದರೂ ತಮಾಷೆ ಮಾಡಿ, ಇವಳ ಟೋಪಿ ಸರಿಮಾಡಿ, ಇಬ್ಬರದೂ ಚಿತ್ರ ತೆಗೆಯಿರಿ ಎನ್ನುತ್ತಿದ್ದ. ಗಾಳಿ ಏಳುತ್ತಿತ್ತು. ಅವನು ಅವಳ ಹಗ್ಗದ ಗಂಟು ಮತ್ತೊಮ್ಮೆ ನೋಡಿ, ಅವಳನ್ನು ಮುಂದೆ ಬಿಟ್ಟುಕೊಂಡು ಇಳಿಸಿದ.

ಮರುದಿನ ಸಂಜೆ ಮನೆಯಲ್ಲಿ ಇರ್ಮಾ ಖಿಂಕಾಲಿ ಎಂಬ ಬಿಸಿ ಬಿಸಿ ಮಾಂಸದ ಕಡುಬು ಬೇಯಿಸಿ ತಟ್ಟೆ ತುಂಬ ಇಟ್ಟಳು. ಗೆಲಾ ಕೂಡ ಬಂದಿದ್ದ. ತೀರಿಹೋದವರನ್ನು ನೆನೆದು ವೈನಿನ ಲೋಟ ಎತ್ತುವ ಸರದಿ ಬಂದಾಗ ಎಲ್ಲರೂ ಎದ್ದು ನಿಂತರು. ಮಾತಾಡಬೇಕಾದವನು ಮಾಮುಕ, ಅವನು ಮಾತು ಮುಗಿಸಿ ಕುಡಿದ ಮೇಲೆಯೇ ಎಲ್ಲರೂ ಕುಡಿದು ಕೂರುವುದು ವಾಡಿಕೆ. ಊರಿನ ಎಷ್ಟೋ ಸಾವುಗಳಿಗೆ ಅವನು ಹೀಗೆ ನಿಂತು ಮಾತಾಡಿದ್ದ. "ನುಗ್ಜಾರ್," ಎಂದ, ಮುಂದೆ ಬರಲಿಲ್ಲ. ಗೆಲಾ ತಲೆ ತಗ್ಗಿಸಿ ಕಾದ.

ತೇಕ್ಲೆಯೇ ಹೇಳಿದಳು. "ಅಪ್ಪ, ನಾನು ಫೋನ್ ಎತ್ತಬೇಕಿತ್ತು." ಅಷ್ಟು ಹೇಳಿ ಕುಡಿಯದೆ ಲೋಟ ಕೆಳಗಿಟ್ಟಳು. ಇರ್ಮಾ ಮೇಜು ಸುತ್ತಿಕೊಂಡು ಬಂದು ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಗಂಡಸರಿಬ್ಬರೂ ಇನ್ನೂ ನಿಂತೇ ಇದ್ದರು. ಕೂರಬಹುದೆಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ.